ಬಾಗಿಲಲ್ಲಿ ನಿಂತು ಕರೆಯುವ ಮಾತು

ಆ ಮಳೆಗಾಲದಲ್ಲಿ ನನಗೆ ಎರಡು ಕೆಲಸ ಹೇಳಿದ್ದರು. ಒಂದು, ಮುನಿ ಮಹಾರಾಜರ ಆಹಾರಕ್ಕೆ ಚೌಕಾ ಹಾಕುವುದು, ಅಂದರೆ ಮಡಿಯ ಅಡುಗೆ ನಡೆಸುವುದು. ಎರಡು, ಓಣಿಯ ಹೆಂಗಸರ ನಾಲಿಗೆ ತಿದ್ದುವುದು. ಮೊದಲನೆಯದನ್ನು ನೆಟ್ಟಗೆ ಮಾಡಿದೆ. ಎರಡನೆಯದರಲ್ಲಿ ನಾನು ಏನು ಮಾಡಿದೆ ಎಂಬುದನ್ನು ಬರೆಯುತ್ತಿದ್ದೇನೆ. ಬರೆಯುವುದೆಂದರೆ ಒಂದೊಂದೇ ಅಕ್ಷರ ಕೂಡಿಸಿ, ನಿಧಾನಕ್ಕೆ. ಆಗ ಅಷ್ಟೂ ಬರುತ್ತಿರಲಿಲ್ಲ.

ಊರು ನನ್ನದಲ್ಲ, ಕಾಗವಾಡಕ್ಕೂ ಅಥಣಿಗೂ ನಡುವೆ, ಕೃಷ್ಣಾ ಹೊಳೆಯ ದಂಡೆಗೆ. ಹೆಸರು ಬರೆದರೆ ಮನೆ ಗುರುತು ಸಿಗುತ್ತದೆ, ಅದಕ್ಕೆ ಬರೆಯುವುದಿಲ್ಲ. ತೊಂಬತ್ತನೆಯ ಇಸವಿ ದಾಟಿ ಎರಡೋ ಮೂರೋ ವರ್ಷ ಆಗಿರಬೇಕು. ಉತ್ತರದ ಕಡೆಯ ಒಬ್ಬ ವಯಸ್ಸಾದ ಮುನಿಗಳು ಚಾತುರ್ಮಾಸಕ್ಕೆ ಆ ಊರಿನ ಬಸದಿಯಲ್ಲಿ ಉಳಿದಿದ್ದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ.

ನಮ್ಮ ದಿಗಂಬರ ಮುನಿಗಳು ದಿನಕ್ಕೆ ಒಂದೇ ಹೊತ್ತು ಉಣ್ಣುತ್ತಾರೆ. ನಿಂತುಕೊಂಡು, ಬೊಗಸೆಯಲ್ಲಿ. ನೀರೂ ಆಗಲೇ. ಆಮೇಲೆ ಮರುದಿನದ ತನಕ ಒಂದು ಹನಿ ಇಲ್ಲ. ಇಂಥವರ ಮನೆಗೆ ಬರುತ್ತೇನೆ ಎಂದು ಮೊದಲೇ ಹೇಳುವುದಿಲ್ಲ. ಮನಸ್ಸಿನಲ್ಲಿ ಏನೋ ಒಂದು ನೇಮ ಹಿಡಿದು ಹೊರಡುತ್ತಾರೆ. ತೆಂಗಿನಕಾಯಿ ಹಿಡಿದ ಹೆಂಗಸು ಕಂಡರೆ ನಿಲ್ಲುವುದು, ಇಲ್ಲವೆ ಜೋಡಿ ಕಲಶ ಕಂಡರೆ ನಿಲ್ಲುವುದು. ಏನು ನೇಮ ಎಂದು ಯಾರಿಗೂ ಗೊತ್ತಿರುವುದಿಲ್ಲ. ಕೂಡಿ ಬರದಿದ್ದರೆ ಉಪವಾಸ ತಿರುಗಿ ಹೋಗುತ್ತಾರೆ. ಅದಕ್ಕೆ ಮನೆಮನೆಯವರೂ ಮಡಿಯುಟ್ಟು ಬಾಗಿಲಲ್ಲಿ ಸಾಲಾಗಿ ನಿಂತು ಕರೆಯಬೇಕು. ಇಲ್ಲಿ ನಿಲ್ಲಿ, ಎಲ್ಲ ಶುದ್ಧವಿದೆ, ಒಳಗೆ ಬನ್ನಿ ಎಂದು ಕರೆಯುವ ಆ ಮಾತು ಕನ್ನಡದ್ದಲ್ಲ. ಅರ್ಧ ಸಂಸ್ಕೃತ, ಅರ್ಧ ಹಿಂದಿ. ಒಳಗೆ ಬಂದ ಮೇಲೆ ಹೇಳುವ ಮಂತ್ರ ಪ್ರಾಕೃತ.

ಕಬ್ಬಿನ ಗದ್ದೆಯಲ್ಲಿ ಕೂಗಿ ಕೂಗಿ ದೊಡ್ಡದಾದ ಗಂಟಲುಗಳು ನಮ್ಮವು. ಅದರಲ್ಲಿ 'ಅತ್ರ ತಿಷ್ಠ ತಿಷ್ಠ' ಎಂದರೆ 'ತಿಟ್ಟ ತಿಟ್ಟ' ಆಗುತ್ತದೆ, 'ಶುದ್ಧ ಹೈ' ಎಂದರೆ 'ಸುದ್ದ ಐ' ಆಗುತ್ತದೆ. ನಾನು ಓದಿದವಳಲ್ಲ, ಆದರೆ ಕಿವಿಯಿಂದ ಕಲಿತಿದ್ದೆ, ಕಲಿಸುವ ಉಪಾಯವೂ ಇತ್ತು. ಅಂಗೈ ಮೇಲೆ ಒಲೆಯ ಬೂದಿ ತೆಳ್ಳಗೆ ಹರವಿ ಬಾಯಿಯ ಮುಂದೆ ಹಿಡಿಯಬೇಕು. 'ಟ' ಅಂದರೆ ಬೂದಿ ಅಲುಗುವುದಿಲ್ಲ. 'ಠ' ಅಂದರೆ ಹಾರಬೇಕು. ಹಾರಲಿಲ್ಲವೋ, ಇನ್ನೊಮ್ಮೆ. 'ಣಮೋ' ಎನ್ನಲು ರೊಟ್ಟಿಯ ಅಂಚು ಮಡಚಿದ ಹಾಗೆ ನಾಲಿಗೆಯ ತುದಿ ಮೇಲಕ್ಕೆ ಮಡಚಬೇಕು. ಹಿಂದಿಯ 'ಮೇಂ' ಎನ್ನುವಾಗ ಮೂಗು ಹಿಡಿದು ನೋಡಬೇಕು. ದನಿ ಕಟ್ಟಿದರೆ ಸರಿ, ಕಟ್ಟದಿದ್ದರೆ ಅದು ಕುರಿಯ ಮೇ.

ಮಧ್ಯಾಹ್ನ ಊಟ ಆದ ಮೇಲೆ ಹನ್ನೆರಡು ಹೆಂಗಸರು ಪಡಸಾಲೆಯಲ್ಲಿ ಬೂದಿ ಹಿಡಿದು ಕೂಡುತ್ತಿದ್ದರು. ಎದುರು ಮನೆಯ ಮುದುಕಿ ಒಬ್ಬಳು ಮೊದಲ ದಿನವೇ ತಕರಾರು ತೆಗೆದಳು.

"ಬಾಯಾರ, ನನ್ನ ಬಾಯಾಗ ಎರಡ ಹಲ್ಲ ಉಳದಾವು. ಈ ಠ ಎಲ್ಲಿಂದ ತರಲಿ?"

"ಸೊಸಿನ್ನ ಬೈಯೂಮುಂದ ಎಲ್ಲಾ ಅಕ್ಷರ ತಾವs ಬರ್ತಾವಲ್ಲ, ಅಲ್ಲಿಂದ ತಾ" ಎಂದೆ.

ನಗು ಎದ್ದು ಎಲ್ಲರ ಬೂದಿಯೂ ಹಾರಿತು. ನಗಿಸಿ ಕಲಿಸುತ್ತೇನೆ ಎಂದು ನನಗೆ ಹೆಸರಿತ್ತು. ಆ ಹೆಸರಿನ ಸೊಕ್ಕೂ ಇತ್ತು.

ಮುನಿಗಳ ಜೊತೆ ಅವರ ಕಡೆಯ ಒಬ್ಬ ಬ್ರಹ್ಮಚಾರಿ ಬಂದಿದ್ದರು. ಎಲ್ಲರೂ ಭೈಯಾಜಿ ಎನ್ನುತ್ತಿದ್ದರು. ಅವರು ಒಂದು ಅಚ್ಚಾದ ಹಾಳೆ ತಂದು ನನ್ನ ಕೈಗೆ ಕೊಟ್ಟರು. ಅವರ ಕಡೆ ಕರೆಯುವ ಮಾತು ನಮ್ಮದಕ್ಕಿಂತ ಉದ್ದ, ಹಿಂದಿ ಹೆಚ್ಚು. "ಅಮ್ಮಾಜಿ, ಜೈಸಾ ಲಿಖಾ ಹೈ, ವೈಸಾ ಹೀ ಬೋಲ್ನಾ" ಎಂದರು. ಬರೆದ ಹಾಗೆಯೇ ಹೇಳಬೇಕಂತೆ. ಹಾಳೆಯಲ್ಲಿ ಮೇಲೆ ಗೆರೆ ಎಳೆದ ನಾಗರಿ ಅಕ್ಷರ. ನನಗೆ ಕನ್ನಡದವೇ ಬಸ್ಸಿನ ಬೋರ್ಡಿನಷ್ಟು ದೊಡ್ಡವಿದ್ದರೆ ಬರುತ್ತಿದ್ದವು.

"ಚಾಳೀಸು ಊರಾಗ ರಹ ಗಯಾ ಭೈಯಾಜಿ, ಆಪs ಪಢೋ" ಎಂದೆ. ಚಾಳೀಸು, ಅಂದರೆ ಕನ್ನಡಕ, ನಾನು ಜನ್ಮದಲ್ಲಿ ಹಾಕಿದವಳಲ್ಲ.

ಅವರು ಎರಡು ಸಲ ಓದಿದರು. ಕೇಳಿದ್ದನ್ನು ಹಿಡಿಯುವ ಕಿವಿ ನನ್ನದು. ಮೊದಲ ಸಲಕ್ಕೆ ಮುಕ್ಕಾಲು ಹಿಡಿದೆ. ಎರಡನೆಯ ಸಲ ಕೊನೆಯ ತುಂಡಿಗೆ ಬಂದಾಗ ಒಲೆಯ ಮೇಲೆ ಹಾಲು ಉಕ್ಕಿತು. ನಾನು ಆ ಕಡೆ ಹೊರಳಿದೆ. ಹೊರಳಿ ಬರುವಷ್ಟರಲ್ಲಿ ಅವರು ಹಾಳೆ ಮಡಚಿ ಗೋಡೆಯ ಗೂಡಿನಲ್ಲಿ ಇಟ್ಟಿದ್ದರು. ಚಾಳೀಸು ಮರೆತವಳು ಎರಡು ಸಲ ಕೇಳಬಹುದು. ಮೂರನೆಯ ಸಲ ಕೇಳಿದರೆ ಹುಳುಕು ಗೊತ್ತಾಗುತ್ತದೆ. ಕೇಳಲಿಲ್ಲ. ತಿಳಿಯದ ತುಂಡಿಗೆ ತೇಪೆ ಹಚ್ಚಿದೆ. 'ಭೋಜನ ಸಾಲಿ ಪರವೇಸ ಕೀಜೆ.' ಇದನ್ನೇ ಹನ್ನೆರಡು ಜನಕ್ಕೆ ಕಲಿಸಿದೆ. ಅವರು ಬೂದಿ ಹಾರಿಸಿ, ಮೂಗು ಹಿಡಿದು, ಭಕ್ತಿಯಿಂದ ಕಲಿತರು.

ನಾನು ಚೌಕಾ ಹಾಕಿದ್ದ ಮನೆಯಲ್ಲಿ ಒಬ್ಬ ಸೊಸೆ ಇದ್ದಳು. ನಿಪ್ಪಾಣಿ ಕಡೆಯ ಹಳ್ಳಿಯವಳು, ಮದುವೆಯಾಗಿ ಎರಡು ವರ್ಷ. ಮಾತಿನಲ್ಲಿ ಮರಾಠಿ ಬೆರೆತಿತ್ತು. ಮುನಿಗಳಿಗೆ ಒಮ್ಮೆ ಕೈಯಾರೆ ಆಹಾರ ಕೊಟ್ಟಳೆಂದರೆ ಒಲೆಯ ಮುಂದೆ ಕೂಡಿಸುತ್ತೇನೆ ಎಂದು ಅತ್ತೆ ಹೇಳಿದ್ದಳು. ಅಲ್ಲಿಯ ತನಕ ಅವಳು ಮನೆಯಲ್ಲಿ ನೀರು ಸೇದುವವಳು, ಬೀಸುವವಳು, ಅಷ್ಟೆ. ಅದಕ್ಕಾಗಿ ಒಂದು ತಿಂಗಳಿಂದ ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕಿರಲಿಲ್ಲ, ಸೋಸದ ನೀರು ಮುಟ್ಟಿರಲಿಲ್ಲ.

ಒಂದು ಬೆಳಿಗ್ಗೆ ಬಾವಿಕಟ್ಟೆಯಲ್ಲಿ ನಾವಿಬ್ಬರೇ ಇದ್ದೆವು. ಎರಡು ಪದರು ಅರಿವೆಯಲ್ಲಿ ನೀರು ಸೋಸಿ, ಅರಿವೆಗೆ ಹತ್ತಿದ ಜೀವ ಸಾಯಬಾರದೆಂದು ಅದನ್ನು ಹಗುರಕ್ಕೆ ಬಾವಿಗೇ ತೊಳೆದು ಬಿಡುತ್ತಿದ್ದಳು. ತಲೆ ಎತ್ತದೆ ಅಂದಳು:

"ಆಯಿ, ಸಿಟ್ಟಾಗಬ್ಯಾಡ್ರಿ. ಒಂದ ಮಾತ ಹೇಳಲಿ?"

"ಹೇಳ."

"ಆ ಕಾಗದದಾಗ 'ಭೋಜನ ಶಾಲಾ ಮೇಂ ಪ್ರವೇಶ ಕೀಜಿಯೇ' ಅಂತ ಐತ್ರಿ. ನಾವು ಬ್ಯಾರೆ ಅನ್ನಾಕತ್ತೇವಿ."

"ನಿನಗ್ಯಾರ ಹೇಳಿದ್ರು?"

"ನಾ ಮರಾಠಿ ಸಾಲಿ ಕಲ್ತಾಕಿರಿ, ಏಳನೇತ್ತಾ ಮಟಾ. ಅಕ್ಷರ ಎರಡೂ ಒಂದs."

ಅವಳು ಹೇಳಿದ ಕ್ಷಣಕ್ಕೆ ಭೈಯಾಜಿಯ ದನಿ ನನ್ನ ಕಿವಿಯಲ್ಲಿ ತಿರುಗಿ ಬಂತು. ಸರಿ, ಇದೇ ಅವರು ಓದಿದ್ದು. ಮಾತಿನ ನಡುವೆ ಎಲ್ಲಿ ನಿಲ್ಲಬೇಕು ಅಲ್ಲಿ ನಿಂತು, ಕತ್ತರಿಯಿಂದ ಕತ್ತರಿಸಿದ ಹಾಗೆ ಹೇಳಿದ್ದಳು.

"ಯಾರ ಮುಂದರ ಅಂದಿಯೇನು?"

"ಇಲ್ರಿ ಆಯಿ. ನಿಮ್ಮ ಮುಂದಷ್ಟ."

ಬುದ್ಧಿ ಇದ್ದವಳಾದರೆ ಅಲ್ಲಿಗೆ ಮುಗಿಸುತ್ತಿದ್ದೆ. ಮಧ್ಯಾಹ್ನ ಎಲ್ಲರಿಗೂ ಹೊಸದಾಗಿ ಕಲಿಸುತ್ತಿದ್ದೆ, ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಈ ಹುಡುಗಿಗೆ ನನ್ನ ಗುಟ್ಟು ಗೊತ್ತಾಯಿತು ಎಂಬ ಉರಿ ಒಂದೇ ನನ್ನೊಳಗೆ. ಮಧ್ಯಾಹ್ನ ಅವಳನ್ನು ನಡುವೆ ಕರೆದು ಕೂಡಿಸಿ, "ಹಿಡಿ ಬೂದಿ, ಅನ್ನು ಠ" ಎಂದೆ. ಸೋಲಿಸಬೇಕೆಂದೇ ಕರೆದದ್ದು. ಮರಾಠಿ ಕಲಿತ ಬಾಯಿ, ಸೋಲುತ್ತದೆಯೇ? ಒಂದೇ ಸಲಕ್ಕೆ ಬೂದಿಯೆಲ್ಲ ಎದ್ದು ನನ್ನ ಮೋರೆ ಸೀರೆಗೆಲ್ಲ ಬಡಿಯಿತು.

"ಬಾಯಾರಿಗೆ ಭಸ್ಮಾ ಆತು ನೋಡ್ರಿ!" ಎಂದು ಎದುರು ಮನೆಯ ಮುದುಕಿ ಕೂಗಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಸೊಸೆಯೂ ಸೆರಗು ಬಾಯಿಗೆ ಹಿಡಿದು ನಕ್ಕಳು.

ನಾನು ಎದ್ದು ನಿಂತೆ. "ನನ್ನ ಮಡಿ ಕೆಡಿಸಿದಿ" ಎಂದೆ. "ಬಾಯಿಗಾಳಿ ಹತ್ತಿದ ಬೂದಿ ಮಡಿ ಸೀರಿ ಮ್ಯಾಲ ಹಾಕಿದಿ. ಮಡಿ ತಿಳಿಯದಾಕಿ ಬಾಗಲದಾಗ ನಿಂತರ ಮಹಾರಾಜರ ಆಹಾರ ಹ್ಯಾಂಗ ಆಗಬೇಕು? ಇಕಿ ಸಾಲಿನ್ಯಾಗ ಬ್ಯಾಡ."

ನಗು ನಿಂತಿತು. ಆ ಸೀರೆ ಮಡಿಯದ್ದಲ್ಲ. ಮಡಿಯದ್ದು ಒಳಗೆ ಗಳದ ಮೇಲೆ ಒಣಗುತ್ತಿತ್ತು. ಇದು ಮಧ್ಯಾಹ್ನ ಸುತ್ತಿಕೊಳ್ಳುವ ಹಳೆಯದು. ಅಲ್ಲಿದ್ದ ಯಾರಾದರೂ ಕೇಳಬಹುದಿತ್ತು. ಕೇಳಲಿಲ್ಲ. ಮಡಿಯ ವಿಷಯದಲ್ಲಿ ನನ್ನ ಮಾತಿಗೆ ಎದುರಾಡುವವರು ಆ ಓಣಿಯಲ್ಲಿ ಇರಲಿಲ್ಲ.

"ಬಾಯಾರ ಅಂದ್ರಂದ್ರ ಮುಗೀತು" ಎಂದಳು ಅತ್ತೆ. ಸೊಸೆಗೆ, "ಇನ್ನ ನೀ ಆಹಾರದ ಹೊತ್ತಿಗೆ ಕಾಳಿನ ಖೋಲ್ಯಾಗ ಕುಂದರು. ಹೊರಗ ಬರಬ್ಯಾಡ."

ಅದಾದ ಮೇಲೆ ಬಂದ ಚತುರ್ದಶಿಗೆ ಮುನಿಗಳಿಗೆ ಉಪವಾಸ. ಮರುದಿನ ಹೊರಟರು, ಊರೆಲ್ಲ ಸುತ್ತಿದರು, ನೇಮ ಎಲ್ಲಿಯೂ ಕೂಡಲಿಲ್ಲ. ತಿರುಗಿ ಹೋದರು. ಎರಡು ದಿನ ನೀರಿಲ್ಲ. ಮೂರನೆಯ ದಿನ ಓಣಿಯ ಹೆಂಗಸರೆಲ್ಲ ಕೈಗೆ ಸಿಕ್ಕಿದ್ದನ್ನೆಲ್ಲ ಹಿಡಿದು ನಿಂತಿದ್ದರು. ಕಲಶ, ಕಾಯಿ, ಬಾಳೆಹಣ್ಣು, ಒಬ್ಬಳ ಕೈಯಲ್ಲಿ ಕಬ್ಬಿನ ಜಲ್ಲೆ. ಮುನಿಗಳು ನೇಮ ಹಿಡಿದ ಗುರುತಿಗೆ ಬಲಗೈ ಬೆರಳು ಕೂಡಿಸಿ ಹೆಗಲ ಮೇಲೆ ಇಟ್ಟುಕೊಂಡು ಬಂದರು. ಕಾಲು ಎಳೆಯುತ್ತಿದ್ದವು. ನಮ್ಮ ಬಾಗಿಲ ಮುಂದೆ ನಿಂತರು.

ನಾನು ಎಲ್ಲರಿಗಿಂತ ಮುಂದೆ ನಿಂತು ಕರೆದೆ. ಅವರಿಗೆ ಮೂರು ಸುತ್ತು ಬಂದೆವು. ಕೊನೆಗೆ ಅದೇ 'ಪರವೇಸ ಕೀಜೆ.' ತಪ್ಪೆಂದು ಗೊತ್ತಿದ್ದೂ ಅದನ್ನೇ ಅಂದೆ. ಸರಿಯಾದದ್ದನ್ನು ಅಂದರೆ ಆ ಹುಡುಗಿ ಗೆದ್ದ ಹಾಗೆ. ಮುನಿಗಳ ಮುಖದಲ್ಲಿ ಏನೂ ಕಾಣಲಿಲ್ಲ. ಒಳಗೆ ಬಂದರು.

ನೀರಿನ ಪಾತ್ರೆ ತರಲು ಹೋಗುವಾಗ ಕಾಳಿನ ಕೋಣೆ ದಾಟಬೇಕು. ಸೊಸೆ ಹೊಸ್ತಿಲ ಒಳಗೆ, ಮಡಿಯುಟ್ಟು ನಿಂತಿದ್ದಳು. ಯಾರೂ ಹೇಳದಿದ್ದರೂ ಉಟ್ಟಿದ್ದಳು. ದೂರದಿಂದಾದರೂ ಕಾಣಲಿ ಎಂದು ಇಣುಕುತ್ತಿದ್ದಳು.

"ನೆರಳ ಬಿದ್ದೀತು. ಬಾಗಲಾ ಹಾಕ್ಕೊ" ಎಂದೆ.

ಹಾಕಿಕೊಂಡಳು. ನೆರಳು ಬೀಳುವ ದಿಕ್ಕೇ ಅದಲ್ಲ.

ಮುನಿಗಳು ಕಾಲು ತೊಳೆಸಿಕೊಂಡರು, ಪೂಜೆ ಆಯಿತು, ಎದ್ದು ನಿಂತು ಬೊಗಸೆ ಒಡ್ಡಿದರು. ಕಾಯಿಸಿ ಆರಿಸಿದ ನೀರು ಹಾಕಿದೆವು. ಒಂದು ಬೊಗಸೆ. ಎರಡು. ಮೂರು. ನಾಲ್ಕನೆಯದಕ್ಕೆ ಹಾಲು ಹಾಕಿದ್ದೆ. ಆಗ ಗೋಡೆಯ ಆ ಕಡೆಯಿಂದ ಅಳು ಕೇಳಿಸಿತು. ದೊಡ್ಡ ಅಳು ಅಲ್ಲ. ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲದಂಥದ್ದು.

ಉಣ್ಣುವಾಗ ಅಳು ಕಿವಿಗೆ ಬಿದ್ದರೆ ಮುನಿಗಳು ಉಣ್ಣುವ ಹಾಗಿಲ್ಲ. ಕೂದಲು ಕಂಡ ಹಾಗೆ, ಹುಳ ಬಿದ್ದ ಹಾಗೆ ಅದೂ ಒಂದು ಅಂತರಾಯ. ಬೊಗಸೆ ಬಿಟ್ಟರು. ಹಾಲು ಕೆಳಗಿನ ಪರಾತಿಗೆ ಬಿತ್ತು. ಬಾಯಿ ತೊಳೆದುಕೊಂಡು ಕೂತರು. ಮುಗಿಯಿತು. ಮೂರು ದಿನಕ್ಕೆ ಮೂರು ಬೊಗಸೆ ನೀರು.

ಅವರು ಹೊರಗೆ ಹೋದ ಕೂಡಲೇ ಅತ್ತೆ ಕೋಣೆಯ ಬಾಗಿಲು ತೆಗೆಸಿದಳು.

"ಯಾಕ ಅತ್ತಿ? ಯಾರ ಸತ್ತಾರಂತ ಅತ್ತಿ?"

ಸೊಸೆ ನನ್ನ ಕಡೆ ನೋಡಿದಳು.

ಆಗ ನಾನು ಸುಮ್ಮನಿದ್ದಿದ್ದರೆ ಒಂದು ತಪ್ಪು. ಸುಮ್ಮನೂ ಇರಲಿಲ್ಲ. "ತವರಮನಿ ನೆನಸಿರಬೇಕು" ಎಂದೆ.

ಅಷ್ಟೇ ಸಾಕಾಯಿತು. ಮುನಿಗಳು ಉಪವಾಸ ಇದ್ದಾಗ ತವರು ನೆನೆದು ಅಳುವ ಸೊಸೆ! ಓಣಿಯ ಬಾಯಿಗೆ ಬಿದ್ದಳು. ಮಧ್ಯಾಹ್ನದ ಹೊತ್ತಿಗೆ ಮುನಿಗಳಿಗೆ ಜ್ವರ ಬಂದಿದೆ ಎಂದು ಬಸದಿಯಿಂದ ಸುದ್ದಿ ಬಂತು. "ನಾಳೆ ಮುಂಜಾನಿ ನಿಪ್ಪಾಣಿ ಬಸ್ಸಿಗೆ ಹತ್ತಸೂದು. ಅಳಾಕ ತವರಮನಿನ ಚಲೋ" ಎಂದಳು ಅತ್ತೆ. ಯಾವಾಗ ತಿರುಗಿ ಕರೆಸುವುದು ಎಂಬ ಮಾತು ಯಾರೂ ಆಡಲಿಲ್ಲ.

ಮಳೆಗಾಲದಲ್ಲಿ ಬೀಸಿದ ಹಿಟ್ಟು ಮೂರೇ ದಿನ ಚೌಕಾಕ್ಕೆ ನಡೆಯುತ್ತದೆ. ಅಂದು ಮೂರನೆಯ ದಿನ. ನಾನು ಬೀಸುಕಲ್ಲು ತೊಳೆದು ಒರೆಸಿ ಗೋಧಿ ಹಾಕಿ ಕೂತೆ. ಒಬ್ಬಳಿಗೆ ಎಳೆಯಲು ಬಾರದ ಕಲ್ಲು ಅದು. ಸೊಸೆ ಬಂದು ಎದುರಿಗೆ ಕೂತು ಗೂಟ ಹಿಡಿದಳು. ಕಣ್ಣು ಬಾತಿದ್ದವು. ಸೀರೆ ಗಂಟು ಕಟ್ಟಿಟ್ಟು ಬಂದಿದ್ದಳು.

"ನೀ ಯಾಕ ಬಂದಿ?"

"ಹಿಟ್ಟ ಇವತ್ತಿಗೆ ಮುಗೀತೈತ್ರಿ ಆಯಿ. ನಾಳೆ ಮಹಾರಾಜರ ಬಂದ್ರ?"

ಅರ್ಧ ಸೇರು ಬೀಸಿದೆವು. ನನ್ನ ಕೈ ಅವಳ ಕೈಗೆ ತಾಗುತ್ತಿತ್ತು, ಒಂದೇ ಗೂಟ. ಕೇಳಬಾರದೆಂದುಕೊಂಡರೂ ಕೇಳಿದೆ.

"ನಾ ಮಾಡಿದ್ದು ನಿಮ್ಮತ್ತಿ ಮುಂದ ಯಾಕ ಹೇಳಲಿಲ್ಲ?"

"ನೀವs ಹೇಳ್ತೀರಿ ಅಂತ ಸುಮ್ಮನಿದ್ದೆರಿ" ಎಂದಳು.

ಚುಚ್ಚಿ ಅಂದದ್ದಲ್ಲ. ನಿಜಕ್ಕೂ ಹಾಗೆಂದುಕೊಂಡಿದ್ದಳು. ನಾನು ಕಲ್ಲು ನಿಲ್ಲಿಸಿದೆ. ಹೊತ್ತು ಮುಳುಗಿದರೆ ಮುನಿಗಳು ಮಾತಾಡುವುದಿಲ್ಲ, ಬೆಳಗಾದರೆ ಬಸ್ಸು. ಹೇಳುವುದಿದ್ದರೆ ಈಗಲೇ.

"ಏಳ" ಎಂದೆ. "ನಿಮ್ಮತ್ತಿನ್ನ ಕರಿ. ಬಸದಿಗೆ ಹೋಗೂಣು."

ಮುನಿಗಳು ಹಲಗೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ತುಟಿ ಒಡೆದಿದ್ದವು. ಪಕ್ಕದಲ್ಲಿ ಭೈಯಾಜಿ. ನಮಸ್ಕಾರ ಮಾಡಿ ಬಾಯಿ ತೆಗೆದಾಗ ನನಗೆ ಹೊಳೆಯಿತು: ನನ್ನ ಹರಕು ಹಿಂದಿಯಲ್ಲಿ ಇದನ್ನು ಹೇಳಲು ಆಗುವುದಿಲ್ಲ. ನಮ್ಮ ಮೂವರಲ್ಲಿ ಹಿಂದಿ ನಾಲ್ಕು ಮಾತು ನೆಟ್ಟಗೆ ಬರುವವಳು, ಸಾಲೆಯಲ್ಲಿ ಅದನ್ನೂ ಕಲಿತ ಅವಳೊಬ್ಬಳೇ. ನನ್ನ ತಪ್ಪನ್ನು ಅವಳ ಬಾಯಿಂದಲೇ ಹೇಳಿಸಬೇಕಾಯಿತು.

ನಾನು ಒಂದು ಮಾತು ಅಂದರೆ ಅವಳು ಒಂದು ಮಾತು ಅನ್ನುತ್ತಿದ್ದಳು. ನನಗೆ ಓದು ಬರುವುದಿಲ್ಲ, ಹಾಳೆ ಓದಿಲ್ಲ. ಹೇಳಿದಳು. ತಪ್ಪು ಕಲಿಸಿದೆ. ಹೇಳಿದಳು. ಇವಳು ತಿದ್ದಿದಳು, ನನಗೆ ಉರಿಯಿತು. ಅಲ್ಲಿ ಸ್ವಲ್ಪ ತಡವರಿಸಿ ಹೇಳಿದಳು. ಸೀರೆ ಮಡಿಯದ್ದಿರಲಿಲ್ಲ, ಸುಳ್ಳು ಹೇಳಿದೆ. ಅವಳು ಏನೋ ಹೇಳಿದಳು, ಆದರೆ 'ಝೂಠ್' ಎಂಬ ಮಾತು ಬರಲಿಲ್ಲ. ಅಷ್ಟು ಹಿಂದಿ ನನಗೂ ಗೊತ್ತು.

"ಸುಳ್ಳ ಅಂದೆ ನಾನು. ಅದನ್ನೂ ಹೇಳ" ಎಂದೆ.

ನೆಲ ನೋಡುತ್ತಾ ಹೇಳಿದಳು. "ಝೂಠ್ ಬೋಲಾ." ಅಕ್ಷರ ಎಷ್ಟು ಸ್ಪಷ್ಟ ಇತ್ತು! ತವರು ನೆನಸಿರಬೇಕು ಎಂದದ್ದನ್ನೂ ಹೇಳಿಸಿದೆ. ಅತ್ತೆ ಕಂಬ ಹಿಡಿದು ನಿಂತಿದ್ದಳು. ಅವಳ ಮುಖ ನಾನು ನೋಡಲಿಲ್ಲ.

ಮುನಿಗಳು ಬೈಯಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. "ಕಲ್ ದಿನ್ ಭರ್ ಮೌನ್" ಎಂದರು. ಮರುದಿನ ಪೂರ್ತಿ ನಾನು ಮಾತಾಡಬಾರದು. ಅದು ಪ್ರಾಯಶ್ಚಿತ್ತ. ಆಮೇಲೆ ಕಣ್ಣು ಮುಚ್ಚಿಕೊಂಡರು.

ದಾರಿಯಲ್ಲಿ ಅತ್ತೆ ಒಂದೇ ಮಾತು ಅಂದಳು. "ನಿಮ್ಮನ್ನ ನಂಬಿದ್ದೆವಲ್ರಿ ಬಾಯಾರ." ಸೊಸೆಯ ಕಡೆ ತಿರುಗಿ, "ಗಂಟ ಬಿಚ್ಚು" ಎಂದಳು.

ಮರುದಿನ ನಾನು ಸಾಲಿನ ಹಿಂದೆ ಬಾಯಿ ಮುಚ್ಚಿಕೊಂಡು ನಿಂತೆ. ಸೊಸೆ ಮುಂದೆ. ನಸುಕಿನಲ್ಲೇ ಎದ್ದು ಹೆಂಗಸರಿಗೆ ಸರಿಯಾದ ಮಾತು ಹೇಳಿಕೊಟ್ಟಿದ್ದಳು, ಆದರೆ ಅಷ್ಟು ಬೇಗ ಹಳೆಯದು ಬಿಡುತ್ತದೆಯೇ? ಮುನಿಗಳು ಓಣಿ ಹೊಕ್ಕಾಗ ಅರ್ಧ ಜನ ಅವಳದನ್ನು, ಅರ್ಧ ಜನ ನನ್ನದನ್ನು ಕೂಗಿದರು. ಅವಳೊಬ್ಬಳ ದನಿ ಮಾತ್ರ ಮೇಲೆ, ಒಂದು ಅಕ್ಷರ ಜಾರದೆ. ಇಂದು ಇಲ್ಲೇ ನಿಲ್ಲುತ್ತಾರೆ ಎಂದು ನನ್ನ ಮನಸ್ಸು ಹೇಳಿತು. ನಿಂತರೆ ನನ್ನ ಪಾಪ ಅರ್ಧ ಕಳೆಯಿತು ಎಂಬ ಲೆಕ್ಕವೂ ಒಳಗೆ ಇತ್ತು.

ನಿಲ್ಲಲಿಲ್ಲ. ನಮ್ಮ ಬಾಗಿಲು ದಾಟಿ ಎದುರು ಮನೆಗೆ ನಿಂತರು. ಅಲ್ಲಿ ಆ ಎರಡು ಹಲ್ಲಿನ ಮುದುಕಿ, ಅವಸರಕ್ಕೆ ಎಲ್ಲ ಮರೆತು, ಗಂಟಲು ಹರಿಯುವ ಹಾಗೆ ನನ್ನ ಮಾತನ್ನೇ ಒದರುತ್ತಿದ್ದಳು. "ತಿಟ್ಟ ತಿಟ್ಟ! ಪರವೇಸ ಕೀಜೆ, ಪರವೇಸ ಕೀಜೆ!" ಮುನಿಗಳು ಒಳಗೆ ಹೋದರು. ಅರ್ಧ ತಾಸಿಗೆ ಒಳಗಿನಿಂದ ಜಯಕಾರ ಕೇಳಿಸಿತು. ಆಹಾರ ಆಯಿತು, ಅಂತರಾಯ ಇಲ್ಲದೆ.

ನಾನು ನಮ್ಮ ಬಾಗಿಲಲ್ಲೇ ನಿಂತಿದ್ದೆ. ಅವರಿಗೆ ಮಾತಿನ ಉಚ್ಚಾರ ಬೇಕಾಗಿರಲಿಲ್ಲ. ಯಾವತ್ತೂ ಬೇಕಾಗಿರಲಿಲ್ಲ. ಅದು ಬೇಕಾದದ್ದು ನನಗೆ. ಬೇಡದ ಒಂದು ವಸ್ತುವಿಗೆ ನಾನು ಕಾವಲು ನಿಂತು, ವಯಸ್ಸಾದ ಮುನಿಗಳನ್ನು ಮೂರು ಬೊಗಸೆ ನೀರಿನ ಮೇಲೆ ಕಳಿಸಿದೆ, ಒಬ್ಬಳನ್ನು ಕಾಳಿನ ಕೋಣೆಗೆ ಹಾಕಿದೆ. ಬಾಯಿ ಬಿಡುವ ಹಾಗಿರಲಿಲ್ಲ. ಒಳ್ಳೆಯದೇ ಆಯಿತು.

ಚಾತುರ್ಮಾಸ ಮುಗಿಯುವ ಮೊದಲೇ ಅಲ್ಲಿಂದ ಹೊರಟೆ. ಯಾರೂ ಇರಿ ಎನ್ನಲಿಲ್ಲ. ಆಮೇಲೆ ಆ ಮನೆಗೆ ಮುನಿಗಳು ಬಂದರಂತೆ, ಸೊಸೆ ಕೈಯಾರೆ ಕೊಟ್ಟಳಂತೆ. ಏಕಸಂಬಿಯಲ್ಲಿದ್ದಾಗ ಯಾರೋ ಹೇಳಿದರು. ನಾನು ನೋಡಲಿಲ್ಲ. ನೋಡುವ ಯೋಗ್ಯತೆಯೂ ಇರಲಿಲ್ಲ. ಆ ನಂತರ ಯಾವ ಊರಿಗೆ ಚೌಕಾ ಹಾಕಲು ಹೋದರೂ ಮೊದಲೇ ಹೇಳಿಬಿಡುತ್ತಿದ್ದೆ: ನನಗೆ ಓದಲು ಬರುವುದಿಲ್ಲ, ಬರುವವರು ಯಾರಾದರೂ ಪಕ್ಕದಲ್ಲಿ ಕೂಡಿರಿ.

ಎಷ್ಟೋ ವರ್ಷ ಆದ ಮೇಲೆ ಐಗಳಿಯಲ್ಲಿ ಒಂದು ಮನೆಗೆ ಹೋಗಿದ್ದೆ. ಹೊಸ ಸೊಸೆಯೊಬ್ಬಳು ನಾದಿನಿಗೆ ಕರೆಯುವ ಮಾತು ಕಲಿಸುತ್ತಿದ್ದಳು. ಅಂಗೈಯಲ್ಲಿ ಬೂದಿ. 'ಭೋಜನ ಸಾಲಿ ಪರವೇಸ ಕೀಜೆ.' ನನ್ನ ತೇಪೆ, ಒಂದು ಎಳೆ ಬಿಡದೆ. ಆ ಹೊಳೆದಂಡೆಯ ಊರಿಂದ ಯಾರ ಬಾಯಿಂದ ಯಾರ ಬಾಯಿಗೆ ಹಾಯ್ದು ಇಲ್ಲಿಗೆ ಬಂತೋ.

"ತಂಗಿ, ಅದು ತಪ್ಪ ಐತಿ. ನಾ ಕಲಿಸಿದ್ದು" ಎಂದೆ.

ಅವಳಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ನಕ್ಕಳು. "ಇರ್ಲಿ ಬಿಡ್ರಿ ಆಯಿ, ಹಿಂಗ ಕರದರೂ ಮಹಾರಾಜರ ಬರ್ತಾರಲ್ಲ."

"ಬರ್ತಾರ" ಎಂದೆ. "ಅದಕs ನನಗ ನಾಚಿಕಿ."

ಅವಳಿಗೆ ಅದು ತಿಳಿಯಲಿಲ್ಲ. ಬೂದಿ ಊದಿ, ಮುಂದಿನ ಮಾತಿಗೆ ಹೋದಳು.